ತೇಲಿಹೋದ ತವರು

"ಸಿಗ್ನಲ್ ಇಲ್ಲ" ಎಂದು ಕಿರುಚಿ ರಿಮೋಟಿನ ಪರದೆ ಕಪ್ಪಾಯಿತು. ದೋಣಿಯಲ್ಲಿ ಕೂತಿದ್ದ ಫೋಟೋಗ್ರಾಫರ್ ಮೇಲೆ ಹಾರುತ್ತಿದ್ದ ತನ್ನ ಡ್ರೋನಿನತ್ತ ನೋಡಿದ. ಬೆಳಗಿನಿಂದ ತೆಗೆದ ಹಕ್ಕಿಗಳ ಚಿತ್ರವೆಲ್ಲ ಆ ಡ್ರೋನಿನ ಹೊಟ್ಟೆಯಲ್ಲಿತ್ತು.

"ಈಗೇನಾಗುತ್ತೆ?" ಹುಟ್ಟು ಹಿಡಿದಿದ್ದ ಹೆಂಡತಿ ಕುತೂಹಲದಿಂದ ಕೇಳಿದಳು.

"ಏನಾಗುತ್ತೆ? ಹೊರಟ ಜಾಗಕ್ಕೇ ತಾನಾಗಿ ಬಂದಿಳಿಯುತ್ತೆ ಕಣೇ. ಮುನಿಸಿಕೊಂಡಾಗ ನೀನು ನೆಟ್ಟಗೆ ಹುಟ್ಟಿದ ಮನೆಗೆ ಹೋಗ್ತೀಯಲ್ಲ, ಹಾಗೆ."

"ಅದು ಹೊರಟಿದ್ದು ದೋಣಿಯಿಂದ. ದೋಣಿ ಆಗಲೇ ಇಷ್ಟು ದೂರ ತೇಲಿಬಂದಿದೆಯಲ್ರೀ!"

ಅವನ ನಗು ಅರ್ಧಕ್ಕೇ ನಿಂತಿತು. ಅಷ್ಟು ದೂರದಲ್ಲಿ ಡ್ರೋನು, ಬರೀ ನೀರಿನ ಮೇಲೆ, ಮಹಾ ವಿಧೇಯತೆಯಿಂದ ಇಳಿಯತೊಡಗಿತ್ತು. "ಎಡಕ್ಕೆ! ಅಲ್ಲ, ಬಲಕ್ಕೆ!" ಎಂದು ಹೆಂಡತಿಗೆ ಕೂಗಿದ.

"ನಿಮ್ಮ ಬಾಯಿಯ ಸಿಗ್ನಲ್ಲೂ ಹೋಗಬಾರದಿತ್ತಾ? ಹುಟ್ಟಿದ ಮನೆಯಾದರೂ ಹುಟ್ಟು ಹಾಕದೆ ಹತ್ತಿರ ಬರಲ್ಲ" ಎನ್ನುತ್ತ ಅವಳು ಮೈಬಗ್ಗಿಸಿ ಹುಟ್ಟು ಹಾಕಿದಳು. ಡ್ರೋನು ಇನ್ನೂ ಆಳೆತ್ತರದಲ್ಲಿದ್ದಾಗ ದೋಣಿ ಅದರಡಿಗೆ ನುಗ್ಗಿತು. ಅದು ಹಲಗೆಯ ಮೇಲೆ ಕೂತು ಸದ್ದಡಗಿಸಿತು.

"ಅಬ್ಬಾ!" ಎಂದ ಗಂಡ.

"ಹೋದ ತಿಂಗಳು ನಾನು ತವರಿಂದ ಬೇಗ ವಾಪಸ್ ಬಂದೆ ಅಂತ ಬೀಗಿದ್ರಲ್ಲ," ಏದುಸಿರಿನ ನಡುವೆ ಅವಳೆಂದಳು, "ನನ್ನ ಕೋಣೇಲಿ ಅತ್ತಿಗೆಯ ಹೊಲಿಗೆ ಮಿಷನ್ ಕೂತಿತ್ತು ರೀ. ಇಳಿಯೋಕೆ ಜಾಗ ಇರಲಿಲ್ಲ."