ಮೂರರಲ್ಲಿ ಐದು

"ಮೂರರಲ್ಲಿ ಐದು ಕಳೆದರೆ ಎಷ್ಟು?" ಎಂದು ಮೇಷ್ಟ್ರು ಕೇಳಿದರು.

"ಕಳೆಯೋಕೆ ಆಗಲ್ಲ ಸಾರ್. ಮೂರು ಹುಣಸೆಬೀಜದಲ್ಲಿ ಐದು ಹೇಗೆ ತೆಗೆಯೋದು?" ಎಂದಳು ಹುಡುಗಿ.

ಬೆಳಗಿನಿಂದ ಮೈನಸ್ ಎರಡು, ಮೈನಸ್ ಎರಡು ಎಂದು ಗಂಟಲು ಒಣಗಿಸಿಕೊಂಡಿದ್ದ ಮೇಷ್ಟ್ರಿಗೆ ರೇಗಿತು. "ಯಾವ ದಡ್ಡ ಶಿಖಾಮಣಿ ನಿನಗೆ ಹೀಗೆ ಹೇಳಿಕೊಟ್ಟಿದ್ದು? ಕರ್ಕೊಂಡು ಬಾ, ಬೆಂಚಿನ ಮೇಲೆ ನಿಲ್ಲಿಸ್ತೀನಿ!"

ಕ್ಲಾಸೆಲ್ಲ ನಕ್ಕಿತು. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಹೊರಗೆ ಹೋದಳು.

ಸ್ವಲ್ಪ ಹೊತ್ತಿಗೆ ಅವಳ ಹಿಂದೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತದ್ದು ಶಾಲೆಯ ಬಿಸಿಯೂಟದ ಅಡುಗೆಯಮ್ಮ, ದಿನವೂ ಮೇಷ್ಟ್ರಿಗೆ ಒತ್ತಾಯ ಮಾಡಿ ಬಡಿಸುವಾಕೆ. ಮೇಷ್ಟ್ರು ತಟ್ಟನೆ ಬೋರ್ಡಿನ ಕಡೆ ತಿರುಗಿಬಿಟ್ಟರು.

"ಮಗಳಿಗೆ ಬೀಜ ಇಟ್ಟು ಹೇಳಿಕೊಟ್ಟಿದ್ದು ನಾನೇ ಸಾರ್," ಎಂದರು ಆಕೆ. "ಬೆಂಚಿನ ಮೇಲೆ ಈಗ್ಲೇ ನಿಂತ್ಕೊಳ್ಳಲಾ, ಮಕ್ಕಳಿಗೆ ಬಡಿಸಿ ಬಂದು ನಿಂತ್ಕೊಳ್ಳಲಾ?"