ಹನ್ನೆರಡನೇ ಪದ

ಅಡುಗೆಮನೆಯ ಬಾಗಿಲಾಚೆಯಿಂದ ಕೇಳಿಸಿದ್ದು ಒಂದೇ ಪದ. "ಬಾಸ್ಕೆಟ್."

ಅಂಬ್ರೀನ್ ಹೊರಗೇ ನಿಂತುಬಿಟ್ಟಳು. ಇಂಗ್ಲಿಷ್ ಬೋರ್ಡನ್ನೂ ನೆಟ್ಟಗೆ ಓದಲು ಬಾರದ ಅಮ್ಮಿ ಫೋನಿನಲ್ಲಿ ಯಾರಿಗೋ ಬಿಡಿಸಿ ಬಿಡಿಸಿ ಹೇಳುತ್ತಿದ್ದರು: ಬಾಸ್ಕೆಟ್. ನಿನ್ನೆ ಹೇಳಿದ್ದು ಆನಿಯನ್. ತರಕಾರಿ ಗಾಡಿಯವನೇ ಇರಬೇಕು ಎಂದುಕೊಂಡು ನಿನ್ನೆ ಸುಮ್ಮನಾಗಿದ್ದಳು. ಈರುಳ್ಳಿಯವನಿಗೆ ಬಾಸ್ಕೆಟ್ ಏಕೆ?

ಅಣ್ಣ ಮೊಹ್ಸಿನ್ ಬಿಟ್ಟುಹೋದ ಕ್ರಿಪ್ಟೊ ವಾಲೆಟ್ಟಿಗೆ ಬೀಗದ ಕೈ ಎಂದರೆ ಹನ್ನೆರಡು ಇಂಗ್ಲಿಷ್ ಪದಗಳು. ಸಾಲಾಗಿ ಹೇಳಿದರೆ ದುಡ್ಡು ಕೈಗೆ. ಒಂದು ತಪ್ಪಿದರೂ ಎಲ್ಲ ಮಣ್ಣುಪಾಲು. ಆ ಪುಣ್ಯಾತ್ಮ ಅವನ್ನು ಎಲ್ಲಿಯೂ ಬರೆದಿಡಲಿಲ್ಲ. ಫ್ರೇಜರ್ ಟೌನಿನ ಈ ಗಲ್ಲಿಯ ಅರ್ಧ ಹೆಣ್ಣುಮಕ್ಕಳಿಗೆ ಕುರಾನಿನ ಸೂರಾಗಳನ್ನು ಬಾಯಿಪಾಠ ಮಾಡಿಸಿದವರು ಅಮ್ಮಿ, ಖುರ್ಷೀದಾ ಬೇಗಂ. ಅದೇ ಅಮ್ಮಿಗೆ ಮಗ ಈ ಹನ್ನೆರಡನ್ನು ಬಾಯಿಪಾಠ ಮಾಡಿಸಿದ. ಅಷ್ಟು ಸಾಲದೆಂಬಂತೆ, ಕ್ರಿಪ್ಟೊ ಮೋಸಗಳ ಬಗ್ಗೆ ಜನರನ್ನು ಎಚ್ಚರಿಸಲೆಂದು ಮಾಡಿಕೊಂಡಿದ್ದ ತನ್ನ ಯೂಟ್ಯೂಬ್ ಚಾನೆಲ್ಲಿನಲ್ಲಿ ಜಂಬವನ್ನೂ ಕೊಚ್ಚಿಕೊಂಡ: "ನನ್ನ ಪದಗಳು ಫೋನಲ್ಲೂ ಇಲ್ಲ, ಪೇಪರಲ್ಲೂ ಇಲ್ಲ. ನಮ್ಮಮ್ಮಿ ತಲೇಲಿವೆ. ಯಾವ ಹ್ಯಾಕರ್ ಬರ್ತಾನೋ ಬರ್ಲಿ ಗುರು!"

ಹ್ಯಾಕರ್ ಬರಲಿಲ್ಲ. ಕೆ.ಆರ್. ಪುರದ ಹತ್ತಿರ ಅವನ ಬೈಕಿಗೆ ಎದುರಾಗಿ ಟಿಪ್ಪರ್ ಲಾರಿ ಬಂತು.

ದಫನ್ ಮುಗಿದು ಎಷ್ಟೋ ದಿನಗಳ ಮೇಲೆ ಅಂಬ್ರೀನ್ ಅಳುಕುತ್ತಲೇ ಕೇಳಿದ್ದಳು. ಅಮ್ಮಿ ಗೋಡೆ ನೋಡುತ್ತಾ, "ಒಂದೂ ನೆನಪಿಲ್ಲ ಬೇಟಿ. ಅವನ ಜೊತೇನೇ ಹೋಯ್ತು" ಎಂದಿದ್ದರು. ಇತ್ತ ಮನೆಯ ಲೀಸ್ ಮುಗಿಯುತ್ತ ಬಂದಿತ್ತು. ಆ ವಾಲೆಟ್ ತೆರೆಯದಿದ್ದರೆ ಮೊಹ್ಸಿನ್ ಓಡಾಡಿದ ಮನೆಯನ್ನೂ ಬಿಡಬೇಕು.

ಅವಳು ಇಂಟರ್ನೆಟ್ಟಿನಲ್ಲಿ ಸಹಾಯ ಕೇಳಿದ್ದೇ ತಡ, ಹೆಣಕ್ಕೆ ಹದ್ದು ಮುತ್ತಿದ ಹಾಗೆ ಮುತ್ತಿದರು. ವಾಲೆಟ್ ಬಿಡಿಸಿಕೊಡ್ತೀವಿ, ಮೊದಲು ಫೀಸು ಹಾಕಿ ಎಂದನೊಬ್ಬ. ಸ್ಕ್ರೀನ್ ಶೇರ್ ಮಾಡಿ ಮೇಡಂ ಎಂದ ಮತ್ತೊಬ್ಬ. ಇನ್ನೊಬ್ಬನಂತೂ ಪೊಲೀಸ್ ಟೋಪಿ ಇಟ್ಟುಕೊಂಡೇ ವಿಡಿಯೊ ಕಾಲ್ ಮಾಡಿದ. ಎಲ್ಲರನ್ನೂ ಅವಳು ಜರಡಿ ಹಿಡಿದದ್ದು ಅಣ್ಣ ವಿಡಿಯೊಗಳಲ್ಲಿ ಹೇಳುತ್ತಿದ್ದ ಮಾತಿನಿಂದಲೇ: "ಆತುರ ಮಾಡ್ಸೋನು ಕಳ್ಳ. ಪದ ಕೇಳೋನು ಮಹಾ ಕಳ್ಳ."

ಈ ಮಾತು ಅಮ್ಮಿಗೂ ಬಾಯಿಪಾಠ. ಮಗ ಹೋದ ಮೇಲೆ ದಿನವಿಡೀ ಅವನ ವಿಡಿಯೊ ಹಾಕಿಕೊಂಡು ಕೂರುತ್ತಿದ್ದರು, ಅಳುತ್ತಿದ್ದರು. ಬಿಪಿ ಏರಿ ಆಸ್ಪತ್ರೆ ಸೇರಿದಾಗ ಅಂಬ್ರೀನಳೇ ಮನಸ್ಸು ಗಟ್ಟಿ ಮಾಡಿ ಅಮ್ಮಿಯ ಫೋನಿನಿಂದ ವಿಡಿಯೊಗಳನ್ನೂ ಯೂಟ್ಯೂಬನ್ನೂ ಅಳಿಸಿಹಾಕಿದಳು.

ಅಂಥ ಅಮ್ಮಿಯೇ ಈಗ ಹಳ್ಳಕ್ಕೆ ಬಿದ್ದರೆ? ಅದಕ್ಕಿಂತ ಹೆಚ್ಚಾಗಿ ಅವಳನ್ನು ಚುಚ್ಚಿದ್ದು ಬೇರೆ. ಹೆತ್ತ ಮಗಳಿಗೆ ಹೇಳದ ಪದ ಯಾವನೋ ದಾರಿಹೋಕನಿಗೆ!

"ಯಾರದಮ್ಮೀ ಫೋನು?" ಎಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದಳು.

"ರಾಂಗ್ ನಂಬರ್."

"ರಾಂಗ್ ನಂಬರ್ ಜೊತೆ ಅಷ್ಟೊತ್ತು ಮಾತಾ?"

ಅಮ್ಮಿ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಕಣ್ಣಿಗೆ ಸುರ್ಮಾ ಹಚ್ಚಿಕೊಂಡಿದ್ದರು. ಮಗ ಹೋದ ಮೇಲೆ ಇದೇ ಮೊದಲು. ಯಾವನೋ ಬಣ್ಣದ ಮಾತಿನವನೇ ಗಂಟುಬಿದ್ದಿದ್ದಾನೆ ಎಂದು ಅಂಬ್ರೀನಳಿಗೆ ಖಾತ್ರಿಯಾಯಿತು.

ಮರುದಿನ ಕ್ಲಿನಿಕ್ಕಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಅಡುಗೆಮನೆಯ ಬಾಗಿಲಿಗೆ ಕಿವಿಗೊಟ್ಟಳು.

"ನಿಧಾನಕ್ಕೆ ಹೇಳು ಬೇಟಾ. ಹಾಂ, ಇನ್ನೊಂದ್ಸಲ ಹೇಳು..." ಅಮ್ಮಿಯ ದನಿ ಮೆತ್ತಗಿತ್ತು. ಮೊಟ್ಟೆ ಮಾರುವವನನ್ನೂ ಬೇಟಾ ಎನ್ನುವ ಹೆಂಗಸು. "ಊಟ ಆಯ್ತಾ? ಅಯ್ಯೋ, ಯಾಕಿಷ್ಟು ಆತುರ? ದಿನಕ್ಕೆ ಒಂದೇ ನೆನಪಾಗೋದು ನಂಗೆ. ಕೊನೇದಾ? ತಾಳು... ಹನ್ನೆರಡನೇದು..."

ಅಂಬ್ರೀನ್ ಬಾಗಿಲು ನೂಕಿಕೊಂಡು ನುಗ್ಗಿದವಳೇ ಫೋನು ಕಿತ್ತುಕೊಂಡು, ಆಚೆಯವನಿಗೆ ಕೇಳಿಸದಂತೆ ಅಂಗೈಯಿಂದ ಮುಚ್ಚಿ ಹಿಡಿದಳು.

"ಅಮ್ಮೀ! ಅವನು ಕಳ್ಳ!"

"ಗೊತ್ತು."

"ಏನು ಗೊತ್ತು? ಹನ್ನೊಂದು ಪದ ಕೊಟ್ಟಾಗಿದೆ ಅವನಿಗೆ!"

"ಮೊದಲ್ನೇ ದಿನಾನೇ ಗೊತ್ತಿತ್ತು ಬೇಟಿ. ನಿಜವಾದ ಪದಗಳು ನಂಗೆಲ್ಲಿ ನೆನಪಿವೆ? ಇಲ್ಲಿ ಕಣ್ಣಿಗೆ ಬಿದ್ದಿದ್ದನ್ನ ಹೇಳ್ತಿದ್ದೆ."

ಅಂಬ್ರೀನ್ ಸುತ್ತ ನೋಡಿದಳು. ಗೂಟಕ್ಕೆ ನೇತುಹಾಕಿದ ಬುಟ್ಟಿ. ಅದರ ಕೆಳಗೆ ಈರುಳ್ಳಿ. ಕಿಟಕಿಯ ಮೇಲೆ, ಇನ್ನೂ ಸರದಿ ಬಾರದೆ, ಒಂದು ನಿಂಬೆಹಣ್ಣು.

"ಮತ್ಯಾಕಮ್ಮೀ ಈ ಆಟ?"

"ಹನ್ನೆರಡೂ ಮುಗಿದ್ರೆ ಅವನು ಮತ್ತೆ ಫೋನ್ ಮಾಡಲ್ಲ" ಎಂದ ಅಮ್ಮಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡರು. ಮಗಳಿಗೆ ತಲೆಬುಡ ತಿಳಿಯಲಿಲ್ಲ. ಮಾಡದಿದ್ದರೆ ಪೀಡೆ ತೊಲಗಿತಲ್ಲ! ಅವನ ಜನ್ಮ ಜಾಲಾಡಬೇಕೆಂದೇ ಫೋನನ್ನು ಕಿವಿಗಿಟ್ಟುಕೊಂಡಳು.

"ಅಮ್ಮೀ? ಕೇಳಿಸ್ತಿದ್ಯಾ? ನಾನು, ಮೊಹ್ಸಿನ್. ಹಳೇ ಫೋನ್ ಕಳೆದೋಯ್ತು ಅಂದ್ನಲ್ಲ, ವಾಲೆಟ್ ಲಾಕ್ ಆಗಿದೆ. ಜಲ್ದಿ ಹೇಳು, ಕೊನೇ ಪದ ಯಾವ್ದು?"

ನೆಗಡಿಯಾದವನಂಥ ಅದೇ ದನಿ. ಜಲ್ದಿ ಎನ್ನುವಾಗ ಎಳೆಯುವ ಅದೇ ರಾಗ. ಅಣ್ಣನ ಚಾನೆಲ್ಲಿನಿಂದ ಯಾವನೋ ಕದ್ದು ಕಂಪ್ಯೂಟರಿಗೆ ಕಲಿಸಿದ ದನಿ. ತಾನು ಕದ್ದದ್ದು ಸತ್ತವನ ದನಿಯೆಂದು ಆ ಕಳ್ಳನಿಗೇ ಗೊತ್ತಿರಲಿಲ್ಲ.

ಅಂಬ್ರೀನ್ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಅಮ್ಮಿ ದುಪಟ್ಟಾ ಸರಿಸಿ ಅವಳ ಮುಖವನ್ನೇ ನೋಡುತ್ತಿದ್ದರು.

"ಭಾಯ್," ಎಂದಳು ಅಂಬ್ರೀನ್, "ಅಮ್ಮಿಗೆ ಮರ್ತೋಗಿದೆ. ನಾಳೆ ಮಾಡ್ತೀಯಾ?"