ಎರಡು ಗುಂಡಿ, ಎರಡು ಬಣ್ಣ

2019ರ ಜುಲೈ 14, ಬೆಳಿಗ್ಗೆ 7.10. ಮಗಳು ಕಾಮಾಲೆಯಾಗಿ ಆಸ್ಪತ್ರೆ ಸೇರಿದ ನಾಲ್ಕನೆಯ ದಿನ, ರಸಾಯನಶಾಸ್ತ್ರದ ಮೇಷ್ಟ್ರು ಪಕ್ಕದ ಮನೆಯ ಸಂಗೀತ ಟೀಚರ್ ಅಂಗಳದಲ್ಲಿ ನಿಂತಿದ್ದರು.

“ನಿಮ್ಮ ಕಕ್ಕಸುಗುಂಡಿಯಿಂದಲೇ ನಮ್ಮ ಬಾವಿ ಕೆಟ್ಟದ್ದು ಟೀಚರೇ. ಬಣ್ಣ ಹಾಕಿ ತೋರಿಸ್ತೇನೆ.”

“ಹಾಕಿ ಮಾರಾಯ್ರೇ. ಆದ್ರೆ ನಿಮ್ಮ ಗುಂಡಿಗೂ ಹಾಕ್ಬೇಕು. ನೆಲದಡಿಯ ನೀರಿಗೆ ನಿಮ್ಮ ಕಾಂಪೌಂಡ್ ಗೋಡೆ ಗೊತ್ತುಂಟಾ?”

ಮೇಷ್ಟ್ರು ಒಪ್ಪಿದರು. ಟೀಚರ್ ಮನೆಯ ಗುಂಡಿಗೆ ಕೆಂಪು, ತಮ್ಮ ಗುಂಡಿಗೆ ಹಸಿರು ಸುರಿದರು. ಐದು ದಿನ, ಮೂರು ಮೂರು ಗಂಟೆಗೊಮ್ಮೆ ತಮ್ಮ ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದು ನೋಡಿದರು. ಕೆಂಪು ಬರಲಿಲ್ಲ, ಹಸಿರೂ ಬರಲಿಲ್ಲ.

ಆರನೆಯ ಬೆಳಿಗ್ಗೆ ಟೀಚರ್ ಗೋಡೆಯಾಚೆಯಿಂದ ಕರೆದರು. ಅವರು ತಮ್ಮ ಬಾವಿಯಿಂದ ಆಗಷ್ಟೇ ಸೇದಿದ ಕೊಡಪಾನದ ನೀರು ಹಸಿರಾಗಿತ್ತು.

“ನಾವೆಲ್ಲ ಕುದಿಸಿಯೇ ಕುಡಿಯುವುದು ಮೇಷ್ಟ್ರೇ. ನಿಮ್ಮ ಮಗಳಿಗೆ ಮಾತ್ರ ನನ್ನ ಹತ್ರ ಸಂಗೀತ ಪಾಠ ಮುಗಿದ ಕೂಡ್ಲೇ ತಣ್ಣೀರೇ ಆಗ್ಬೇಕು. ದಿನಾ ಈ ಬಾವಿಯಿಂದಲೇ ಸೇದಿ ಕೊಡ್ತಿದ್ದೆ.”

ಮೇಷ್ಟ್ರು ಟೇಪು ತಂದು ತಮ್ಮ ಗುಂಡಿಯಿಂದ ಟೀಚರ್ ಮನೆಯ ಬಾವಿಯವರೆಗೆ ಅಳೆದರು. ಹದಿನೈದು ಮೀಟರಾದರೂ ಇರಬೇಕಾದಲ್ಲಿ ಆರು ಮೀಟರ್ ನಲವತ್ತು ಸೆಂಟಿಮೀಟರ್.